ಕೋಲಾರದಲ್ಲೊಂದು ದಕ್ಷಿಣ ಧ್ರುವ

ದಕ್ಷಿಣ ಧ್ರುವದಲ್ಲಿ ಭೂಕಂಪ ಅಳೆಯುವುದು ಹೇಗೆ ಎಂಬ ವಿಷಯದಲ್ಲಿ ಕೋಲಾರ ಜಿಲ್ಲೆಗೆಲ್ಲ ನಾನೊಬ್ಬನೇ ತಜ್ಞ. ಈ ಮಾತನ್ನು ಇದುವರೆಗೆ ಯಾರೂ ಅಲ್ಲಗಳೆದಿಲ್ಲ. ಆ ಪದವಿ ಬೇರೆ ಯಾರಿಗೂ ಬೇಕಾಗಿಲ್ಲ ಅನ್ನುವುದು ಬೇರೆ ಮಾತು. ಅಂಟಾರ್ಕ್ಟಿಕಾಕ್ಕೆ ನಾನು ಹೋದವನಲ್ಲ. ಫ್ರಿಜ್ಜಿನಿಂದ ಮೊಸರಿನ ಪಾತ್ರೆ ತೆಗೆದುಕೊಟ್ಟರೇ ಸೀನು ಶುರುವಾಗುವ ಮೈ ನನ್ನದು. ಆದರೆ ಓದಿದ್ದೇನೆ. ಬ್ಯಾಂಕಿನಲ್ಲಿದ್ದಷ್ಟು ಕಾಲ, ಬಡ್ತಿ ಕೊಟ್ಟು ಎಲ್ಲಿಗೋ ಎತ್ತಿಹಾಕುತ್ತಾರೆಂದು ಹೆದರಿ, ಬಡ್ತಿಯೇ ಬೇಡವೆಂದು ಬರೆದುಕೊಟ್ಟು ಕೋಲಾರದಲ್ಲೇ ಅಲುಗದೆ ಕೂತವನು ನಾನು. ಅಂಥವನಿಗೆ ನಿವೃತ್ತಿಯ ಮೇಲೆ ಅಲುಗಾಟದ ಬಗ್ಗೆ ಆಸಕ್ತಿ ಹುಟ್ಟಿದ್ದು ನ್ಯಾಯವೇ.

ಓದಿದ್ದನ್ನು ಸ್ವಲ್ಪ ಒಪ್ಪಿಸಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಅನಾಹುತಗಳ ಘನತೆ ನಿಮಗೆ ತಿಳಿಯುವುದಿಲ್ಲ. ಕ್ಯಾಪ್ಟನ್ ಸ್ಕಾಟನ ‘ಡಿಸ್ಕವರಿ’ ಹಡಗು 1901ರಲ್ಲಿ ದಕ್ಷಿಣಕ್ಕೆ ಹೊರಟಾಗಲೇ ಅದರಲ್ಲಿ ಜಾನ್ ಮಿಲ್ನ್ ರೂಪಿಸಿದ ಭೂಕಂಪಮಾಪಕವೊಂದು ಇತ್ತು. ಬರ್ನಾಕಿ ಎಂಬ ಭೌತವಿಜ್ಞಾನಿ ಹಿಮದಂಚಿನ ಗುಡಿಸಲಿನಲ್ಲಿ ಅದರ ಚಾಕರಿ ಮಾಡಿದ. ಈಗಿನವರ ಕತೆ ಇನ್ನೂ ದೊಡ್ಡದು. ದಕ್ಷಿಣ ಧ್ರುವದ ಅಮೆರಿಕನ್ ನಿಲ್ದಾಣದವರು ತಮ್ಮ ಜನರೇಟರು, ಟ್ರ್ಯಾಕ್ಟರು, ವಿಮಾನಗಳ ಗದ್ದಲ ತಾಗಬಾರದೆಂದು ಸುಮಾರು 8 ಕಿಲೋಮೀಟರ್ ದೂರ ಹೋಗಿ, ಹಿಮದಲ್ಲಿ ಸುಮಾರು 300 ಮೀಟರ್ ಕೊಳವೆ ಕೊರೆದು, ಅದರೊಳಗೆ ಯಂತ್ರ ಇಳಿಸಿದ್ದಾರೆ. ಸಾವಿರ ಅಡಿ ಕೊರೆದರು ಎಂದರೆ ನಮ್ಮ ಜಿಲ್ಲೆಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನಾವು ಅದಕ್ಕೂ ಆಳ ಕೊರೆಸಿದವರು. ಒಳಗೆ ಯಂತ್ರವೂ ಇಲ್ಲ, ನೀರೂ ಇಲ್ಲ.

ಅಲ್ಲಿನ ಚಳಿಗಾಲದಲ್ಲಿ ಮೈನಸ್ 60 ಡಿಗ್ರಿ ಎಂದರೆ ಮಾಮೂಲು ದಿನ. 1982ರಲ್ಲಿ ಒಮ್ಮೆ ಮೈನಸ್ 82.8ಕ್ಕೆ ಇಳಿದಿತ್ತು. ಸೂರ್ಯ ಆರು ತಿಂಗಳು ರಜೆ, ಹಾಗಾಗಿ ಜನವಸತಿಯಿಂದ ದೂರವಿಟ್ಟ ಯಂತ್ರಗಳಿಗೆ ಸೋಲಾರ್ ನಂಬಿಕೊಂಡರೆ ಆಗುವುದಿಲ್ಲ. ಬ್ಯಾಟರಿಗಳನ್ನು ದಪ್ಪ ಥರ್ಮಾಕೋಲಿನಂಥ ಪೆಟ್ಟಿಗೆಯಲ್ಲಿ ಮಲಗಿಸಿ, ಯಂತ್ರದ ಕಾವು ಯಂತ್ರಕ್ಕೇ ಸಾಲುವಂತೆ ಮಾಡಿ, ದೇವರ ಮೇಲೆ ಭಾರ ಹಾಕಿ ಬರಬೇಕು. ಮುಂದಿನ ಬೇಸಿಗೆಯಲ್ಲಿ ಹೋದಾಗ ಪೆಟ್ಟಿಗೆಯ ಮೇಲೆ ಹೊಸ ಹಿಮ ಕೂತಿರುತ್ತದೆ, ಅಗೆದು ಹುಡುಕಬೇಕು. ನಮ್ಮವರೂ ಹಿಂದೆ ಬಿದ್ದಿಲ್ಲ. 1989ರಲ್ಲಿ ಅಂಟಾರ್ಕ್ಟಿಕಾದಲ್ಲಿ ನೆಲೆಯೂರಿದ ನಮ್ಮ ಮೈತ್ರಿ ನಿಲ್ದಾಣದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1990ರ ದಶಕದಿಂದಲೇ ಭೂಕಂಪ ದಾಖಲಿಸುತ್ತಿದೆ.

ಇಷ್ಟನ್ನೂ ಸೇರಿಸಿ ಒಂದು ವಾರಪತ್ರಿಕೆಗೆ ಲೇಖನ ಬರೆದೆ. ಬರೆದ ಧಾಟಿ ಸ್ವಲ್ಪ ಏರಿತ್ತು. ‘ಬೆರಳುಗಳು ಮರಗಟ್ಟುತ್ತವೆ, ಉಸಿರು ಗಡ್ಡದ ಮೇಲೆ ಹೆಪ್ಪುಗಟ್ಟುತ್ತದೆ’ ಎಂದೆಲ್ಲ ಬರೆದಿದ್ದೆ. ನನಗೆ ಗಡ್ಡವಿಲ್ಲ. ಲೇಖನ ಓದಿದ ಹೈಸ್ಕೂಲಿನ ಮುಖ್ಯೋಪಾಧ್ಯಾಯರೊಬ್ಬರು ಫೋನ್ ಮಾಡಿದರು. “ಸಾರ್, ವಿಜ್ಞಾನ ದಿನಾಚರಣೆಗೆ ನೀವೇ ಬರಬೇಕು. ಬರೀ ಭಾಷಣ ಬೇಡ ಸಾರ್, ಮಕ್ಕಳು ನಿದ್ದೆ ಮಾಡ್ತವೆ. ಯಂತ್ರ ತಂದು ತೋರಿಸಿ.”

“ಅದಕ್ಕೇನಂತೆ” ಅಂದೆ. ಬ್ಯಾಂಕಿನಲ್ಲಿದ್ದಾಗ ಸಾಲ ಕೇಳಿದವರಿಗೆ ಈ ಮಾತನ್ನು ಒಂದು ಸಲವೂ ಹೇಳಿದವನಲ್ಲ.

ಹವ್ಯಾಸಿಗಳಿಗೆಂದೇ ಮಾಡಿದ ಪುಟ್ಟ ಭೂಕಂಪಮಾಪಕ ಈಗ ಕೊರಿಯರಿನಲ್ಲಿ ಬರುತ್ತದೆ. ಒಳಗಿರುವುದು ಜಿಯೋಫೋನ್: ಸ್ಪ್ರಿಂಗಿಗೆ ತೂಗಿಬಿಟ್ಟ ತಂತಿಯ ಸುರುಳಿ, ಅದರ ನಡುವೆ ಅಯಸ್ಕಾಂತ. ನೆಲ ಅಲುಗಿದರೆ ಅಯಸ್ಕಾಂತ ನೆಲದ ಜೊತೆ ಅಲುಗುತ್ತದೆ, ಸುರುಳಿ ಇದ್ದಲ್ಲೇ ಇರಲು ನೋಡುತ್ತದೆ, ಇಬ್ಬರ ಜಗಳದಲ್ಲಿ ಚೂರು ವಿದ್ಯುತ್ತು ಹುಟ್ಟುತ್ತದೆ. ಆ ಚೂರೇ ಪರದೆಯ ಮೇಲೆ ಗೀರಾಗಿ ಓಡುತ್ತದೆ. ಪೆಟ್ಟಿಗೆ ಬಿಚ್ಚುವಾಗ ನಮ್ಮನೆಯವಳು ಕನ್ನಡಕ ಏರಿಸಿ ನೋಡಿ, “ಇದು ಯಾವ ಕಾಯಿಲೆಗೆ ರೀ?” ಅಂದಳು. ಬಿ.ಪಿ. ನೋಡುವ ಯಂತ್ರ ಅಂದುಕೊಂಡಿದ್ದಳು. ಬೆಲೆ ಹೇಳಿದ ಮೇಲೆ ಅದರ ಅಗತ್ಯವೂ ಬಿತ್ತು.

ಕೋಲಾರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಅಕ್ಕಿಡಬ್ಬದ ಪಕ್ಕ, ಕೇಂದ್ರ ಸ್ಥಾಪನೆಯಾಯಿತು. ಮೊದಲ ದಿನವೇ ಯಂತ್ರದ ಸೂಕ್ಷ್ಮತೆ ತಿಳಿಯಿತು. ಮಿಕ್ಸಿ ಹಾಕಿದರೆ ಭೂಕಂಪ, ಪಕ್ಕದ ಮನೆಯಲ್ಲಿ ಬಾಗಿಲು ಬಡಿದರೆ ಭೂಕಂಪ, ಬೀದಿಯಲ್ಲಿ ಟೊಮೆಟೊ ತುಂಬಿದ ಕ್ಯಾಂಟರ್ ಮಾರುಕಟ್ಟೆಗೆ ಹೋದರೆ ಭೂಕಂಪಗಳ ಸರಣಿ. ಇವನ್ನೆಲ್ಲ ಒಂದೊಂದಾಗಿ ಗುರುತಿಸಿ ಬದಿಗಿಟ್ಟೆ. ಉಳಿದದ್ದು ಒಂದೇ ಒಂದು ವಿಚಿತ್ರ ಕಂಪನ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಂದು, ಸಂಜೆಗೆ ಒಂದು, ಹೆಚ್ಚುಕಡಿಮೆ ಅರ್ಧ ಗಂಟೆ. ನಿಧಾನವಾಗಿ ಏರಿ, ಒಂದೇ ಸಮ ನಡುಗಿ, ನಿಧಾನವಾಗಿ ಇಳಿಯುವುದು.

ನನ್ನ ಎದೆ ಹೊಡೆದುಕೊಂಡಿತು. ಯಾಕೆಂದರೆ ಇಂಥದ್ದನ್ನು ನಾನು ಓದಿದ್ದೆ. ಪಶ್ಚಿಮ ಅಂಟಾರ್ಕ್ಟಿಕಾದಲ್ಲಿ ವಿಲನ್ಸ್ ಎಂಬ ಮಹಾ ಹಿಮಪ್ರವಾಹವಿದೆ. ಅದು ಸದಾ ಹರಿಯುವುದಿಲ್ಲ. ದಿನದ ಬಹುಪಾಲು ನೆಲಕ್ಕೆ ಅಂಟಿಕೊಂಡು ನಿಂತಿದ್ದು, ಸಮುದ್ರದ ಉಬ್ಬರವಿಳಿತಕ್ಕೆ ಸರಿಯಾಗಿ ದಿನಕ್ಕೆ ಎರಡು ಸಲ ತಟಕ್ಕನೆ ಬಿಟ್ಟುಕೊಂಡು ಅರ್ಧ ಗಂಟೆಯೊಳಗೆ ಸುಮಾರು ಅರ್ಧ ಮೀಟರ್ ಜಾರುತ್ತದೆ. ಲೆಕ್ಕ ಹಾಕಿದರೆ ಪ್ರತಿಸಲವೂ 7ರ ತೀವ್ರತೆಯ ಭೂಕಂಪಕ್ಕೆ ಸಮ. ಆದರೆ ಜಾರುವುದು ಎಷ್ಟು ನಿಧಾನವೆಂದರೆ, ಮೇಲೆ ನಿಂತವರಿಗೆ ಗೊತ್ತೇ ಆಗುವುದಿಲ್ಲ. ದಿನಕ್ಕೆ ಎರಡು ಸಲ! ಅರ್ಧ ಗಂಟೆ! ಇದು ಕೋಲಾರದ ಕೆಳಗೆ ಹೇಗೆ ಬಂತು? ಅಂತರಗಂಗೆ ಬೆಟ್ಟದ ಬುಡದಲ್ಲಿ ಏನೋ ಜಾರುತ್ತಿರಬೇಕು. ಬೆಳಗಿನ ವಾಕಿಂಗ್ ಗೆಳೆಯರಿಗೆ ಗುಟ್ಟಾಗಿ ಹೇಳಿದೆ. ಗುಟ್ಟೆಂದು ಹೇಳಿದ್ದರಿಂದ ಎಲ್ಲರಿಗೂ ತಲುಪಿತು. ಒಬ್ಬರಿಗೆ ಬೆಟ್ಟದ ಕಡೆ ಕೊಂಡ ಸೈಟಿನ ಬಗ್ಗೆ ಚಿಂತೆಗಿಟ್ಟುಕೊಂಡಿತು.

ಈ ಜಾರುವಿಕೆಗೆ ನನ್ನ ಹೆಸರಿಡಬೇಕೋ ಊರಿನ ಹೆಸರಿಡಬೇಕೋ ಎಂದು ನಾನು ಯೋಚಿಸುತ್ತಿದ್ದ ಸಂಜೆ ಪರದೆಯ ಗೀರು ಏರತೊಡಗಿತು. “ಬಾ ಬಾ, ನೋಡು” ಎಂದು ಕೂಗಿದೆ. ಅವಳು ಅಡುಗೆಮನೆಯಿಂದ ಬಂದವಳು ಪರದೆ ನೋಡಲಿಲ್ಲ, ಕಿಟಕಿ ನೋಡಿದಳು. “ಟ್ಯಾಂಕರ್ ಕಣ್ರೀ. ಎದುರುಮನೆಗೆ ನೀರು ಬಿಡ್ತಿದಾನೆ. ಹೋಗಿ ನಮಗೂ ಒಂದು ಲೋಡ್ ಹೇಳಿ, ಕೂತಿದೀರಲ್ಲ.” ಟ್ಯಾಂಕರಿನ ಇಂಜಿನ್ ಓಡಿಸಿಯೇ ಪಂಪು ನಡೆಸುತ್ತಾರೆ, ಮೇಲಿನ ತೊಟ್ಟಿ ತುಂಬಲು ಅರ್ಧ ಗಂಟೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಯಲ್ಲಿ ಉಬ್ಬರವಿಳಿತ ಹುಡುಕಿದ್ದಕ್ಕೆ ವಾಕಿಂಗ್ ಗೆಳೆಯರು ನನ್ನನ್ನು ಈಗಲೂ ‘ಸಮುದ್ರರಾಜ’ ಎಂದೇ ಕರೆಯುವುದು.

ಪಟ್ಟಣ ಸರಿಯಿಲ್ಲ ಎಂದು ತೀರ್ಮಾನಿಸಿದೆ. ಮಾಲೂರಿನಲ್ಲಿ ನನ್ನ ಷಡ್ಡಕನದು ಹೆಂಚಿನ ಕಾರ್ಖಾನೆಯ ಹಿಂದೆ ಹಳೆಯ ಮನೆ. ಕಾರ್ಖಾನೆ ನಿಂತುಹೋಗಿ ಬಹಳ ಕಾಲವಾಗಿದೆ, ಪೂರ್ತಿ ಮೌನ ಎಂದಿದ್ದ. ರೈಲಿನ ವಿಷಯ ಹೇಳಿರಲಿಲ್ಲ. ಬೆಂಗಳೂರು-ಚೆನ್ನೈ ಹಳಿ ಅವನ ಹಿತ್ತಲಿನಿಂದ ಕೂಗಳತೆ ದೂರ. ಅವನಿಗೆ ರೈಲು ಕೇಳಿಸುವುದು ನಿಂತು ಎಷ್ಟೋ ವರ್ಷವಾಗಿತ್ತು, ಹಾಗಾಗಿ ಸುಳ್ಳು ಹೇಳಿದ ಎಂದೂ ಹೇಳಲಾರೆ. ಎರಡು ದಿನದಲ್ಲಿ ಗೀರು ನೋಡಿಯೇ ಗೂಡ್ಸು ಯಾವುದು, ಪ್ಯಾಸೆಂಜರ್ ಯಾವುದು, ವಂದೇ ಭಾರತ್ ಯಾವುದು ಎಂದು ಹೇಳುವಷ್ಟು ಪರಿಣತಿ ನನಗೆ ಬಂತು. ಮೂರನೆಯ ದಿನ ಬೀದಿಯವರು ಬಂದು, “ಬಂಗಾರಪೇಟೆ ಗಾಡಿ ಹೋಯ್ತಾ ಸಾರ್?” ಎಂದು ಕೇಳಲು ಶುರು ಮಾಡಿದರು. ಷಡ್ಡಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನನ್ನ ಪರವಾಗಿ ಉತ್ತರ ಕೊಡತೊಡಗಿದ. ಗೌರವದಿಂದ ಗಂಟು ಕಟ್ಟಿಕೊಂಡು ಹೊರಟುಬಂದೆ.

ಮುಳಬಾಗಿಲಿನ ಪ್ರಸಂಗ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು.

ಆವಣಿಯ ಕಡೆ ನನ್ನ ಬಾಮೈದನಿಗೆ ಜಮೀನಿದೆ. ಜಮೀನೆಂದರೆ ಮುಕ್ಕಾಲು ಪಾಲು ಬಂಡೆ. ಬೆಳೆಗೆ ಶಾಪ, ಭೂಕಂಪಮಾಪಕಕ್ಕೆ ವರ. ಸಡಿಲ ಮಣ್ಣಿನ ಮೇಲಿಟ್ಟ ಯಂತ್ರ ಗಾಳಿ ಬೀಸಿದರೂ ಒದ್ದಾಡುತ್ತದೆ, ತಳಬಂಡೆಯ ಮೇಲಿಟ್ಟರೆ ಭೂಮಿಯ ಮಾತು ನೇರ ಕೇಳುತ್ತದೆ. ಮೈತ್ರಿ ನಿಲ್ದಾಣ ಇರುವ ಶಿರ್ಮಾಕರ್ ಓಯಸಿಸ್ ಕೂಡ ಹಿಮದ ನಡುವೆ ತಲೆಯೆತ್ತಿದ ಬರೀ ಬಂಡೆಯ ನೆಲವೇ. ಹಿಮವೊಂದನ್ನು ಬಿಟ್ಟರೆ ಆವಣಿಗೂ ಅಂಟಾರ್ಕ್ಟಿಕಾಕ್ಕೂ ಏನು ವ್ಯತ್ಯಾಸ ಎಂದು ಬಾಮೈದನಿಗೆ ವಿವರಿಸಿದೆ. “ಅಲ್ಲಿ ಊರಿನ ಜನ ಇರಲ್ಲ ಬಾವ” ಅಂದ. ಆ ಮಾತಿನ ತೂಕ ಆಗ ತಿಳಿಯಲಿಲ್ಲ.

ಹಗಲು ಹೆದ್ದಾರಿ 75ರಲ್ಲಿ ಲಾರಿಗಳ ಓಡಾಟ ಹೆಚ್ಚು, ಜೊತೆಗೆ ಗಾಳಿ. ಹಾಗಾಗಿ ರಾತ್ರಿಯೇ ಯಂತ್ರ ಹೂಳುವುದೆಂದು ಗೊತ್ತುಮಾಡಿದೆವು. ಬಂಡೆಯ ಬುಡದಲ್ಲಿ ಗುಂಡಿ ತೋಡಿ, ಯಂತ್ರವಿಟ್ಟು, ಥರ್ಮಾಕೋಲ್ ಮುಚ್ಚಿ, ಮೇಲೆ ಚಪ್ಪಡಿ. ಟಾರ್ಚು, ಹಾರೆ, ಸಲಿಕೆ, ಒಂದು ಸುರುಳಿ ವೈರು ಹೊತ್ತು ಹೋದೆವು. ನೆಲ ಅಗೆಯುವ ಮುಂಚೆ ಪೂಜೆಯಿಲ್ಲದಿದ್ದರೆ ಆಗುವುದಿಲ್ಲವೆಂದು ಬಾಮೈದ ಹಟ ಹಿಡಿದ. ತೆಂಗಿನಕಾಯಿ, ನಾಲ್ಕು ನಿಂಬೆಹಣ್ಣು, ಅರಿಶಿನ ಕುಂಕುಮ ಅವನೇ ತಂದಿದ್ದ. ವಿಜ್ಞಾನಕ್ಕೆ ಇದರಿಂದ ನಷ್ಟವಿಲ್ಲವಲ್ಲ ಎಂದು ಸುಮ್ಮನಾದೆ.

ಈಗ ನೀವೇ ಹೇಳಿ. ಆವಣಿಯ ಸುತ್ತ ಹಳೆಯ ಕಲ್ಲುಗುಡಿಗಳಿವೆ, ಊರೂರಿಗೂ ನಿಧಿಯ ಕತೆಗಳಿವೆ. ಅಮಾವಾಸ್ಯೆಯ ಆಸುಪಾಸು, ಅಪರಾತ್ರಿ, ಬಂಡೆಯ ಬುಡ, ಟಾರ್ಚು, ಗುಂಡಿ, ಸುತ್ತ ಕೊಯ್ದ ನಿಂಬೆಹಣ್ಣು, ಗುಂಡಿಯೊಳಗೆ ಮೊಣಕಾಲೂರಿ ಕೂತು ಮಿಣಿಮಿಣಿ ದೀಪದ ಪೆಟ್ಟಿಗೆಯ ಜೊತೆ ಮಾತಾಡುತ್ತಿರುವ ಒಬ್ಬ ಬಕ್ಕತಲೆಯವನು. ಊರಿನವರು ದೊಣ್ಣೆ ಹಿಡಿದು ಬಂದದ್ದರಲ್ಲಿ ತಪ್ಪೇನಿದೆ?

ಹಿರಿಯರೊಬ್ಬರು ಮುಂದೆ ಬಂದು, “ಎಷ್ಟು ಕೊಪ್ಪರಿಗೆ ಐತಂತೆ?” ಅಂದರು. ಸಿಟ್ಟಿರಲಿಲ್ಲ, ವಿಚಾರಿಸುವ ದನಿ. ನಾನು ಎದ್ದು ನಿಂತು, ಮಣ್ಣು ಕೊಡವಿಕೊಂಡು, ಭೂಮಿ ನಡುಗುವುದನ್ನು ಅಳೆಯುವ ಯಂತ್ರವಿದು ಎಂದು ಭಾಷಣ ಶುರು ಮಾಡಿದೆ.

“ಇಲ್ಲಿ ಯಾವ ಭೂಮಿ ನಡುಗ್ತದೆ ಸಾಮಿ? ನಮ್ಮಜ್ಜನ ಕಾಲದಿಂದ ನಡುಗಿಲ್ಲ.”

“ಅದಕ್ಕೇ ಇಲ್ಲಿಗೆ ಬಂದಿದ್ದು. ನಡುಗದ ಕಡೆ ಇಟ್ಟರೇ ದೂರದ್ದು ಕೇಳೋದು.”

“ನೋಡ್ರಪ್ಪಾ,” ಎಂದು ಅವರು ಜನರ ಕಡೆ ತಿರುಗಿದರು. “ನಡುಗಲ್ಲ ಅಂತ ಅವರೇ ಒಪ್ಕೊಂಡ್ರು. ಇಲ್ಲದೇ ಇರೋದನ್ನ ಅಳಿಯಾಕೆ ರಾತ್ರಿ ಹೊತ್ತು ಯಾರು ಬತ್ತಾರೆ?”

ಬ್ಯಾಂಕಿನ ಯಾವ ಆಡಿಟರೂ ನನ್ನನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿಹಾಕಿರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನಮ್ಮ ಕಾಲಡಿಯ ಧಾರವಾಡ ಶಿಲಾಖಂಡ 250 ಕೋಟಿ ವರ್ಷಕ್ಕೂ ಹಳೆಯದು. 2002ರ ಭೂಕಂಪ ವಲಯಗಳ ನಕಾಶೆಯಲ್ಲಿ ನಮ್ಮ ಜಿಲ್ಲೆ ಇರುವುದು ಅತಿ ಕಡಿಮೆ ಅಪಾಯದ ಎರಡನೇ ವಲಯದಲ್ಲಿ. ಆದರೆ ಹಾರೆ ಹಿಡಿದವನ ಬಾಯಲ್ಲಿ ಇದು ಸಾಕ್ಷಿಯಾಗಿ ನಿಲ್ಲುವುದಿಲ್ಲ. ಕೊನೆಗೆ ಬಾಮೈದನ ತಾತನ ಹೆಸರು ಹೇಳಿ, ಗುಂಡಿ ಮುಚ್ಚಿಕೊಟ್ಟು, ಬಿಡಿಸಿಕೊಂಡು ಬಂದೆವು. ಬೆಳಿಗ್ಗೆ ಮುಳಬಾಗಿಲು ದೋಸೆಯ ಮುಂದೆ ಕೂತಾಗ ಬಾಮೈದ ಒಂದು ಮಾತೂ ಆಡಲಿಲ್ಲ. ತುಪ್ಪ ಸುರಿದ ಮೇಲೂ ಆಡಲಿಲ್ಲ. ವಾರದ ನಂತರ ಅವನ ಫೋನ್ ಬಂತು: ನಾವು ಮುಚ್ಚಿದ ಗುಂಡಿಯನ್ನು ಯಾರೋ ತೆಗೆದು, ಆಳುದ್ದ ಅಗೆದು, ಹಾಗೇ ಬಿಟ್ಟುಹೋಗಿದ್ದರಂತೆ. ‘ಕೋಲಾರದವರು ಅಷ್ಟು ದೂರದಿಂದ ಬಂದಿದ್ದರು ಎಂದ ಮೇಲೆ ಏನೋ ಇರಲೇಬೇಕು’ ಎಂಬುದು ಊರಿನ ಅಭಿಪ್ರಾಯ.

ಆ ಹಿರಿಯರಿಗೆ ನಾನು ಹೇಳಬೇಕಾಗಿದ್ದ ಉತ್ತರ ಗೌರಿಬಿದನೂರಿನಲ್ಲಿದೆ. ಅಲ್ಲಿ 1965ರಲ್ಲೇ ನಮ್ಮ ಅಣುಶಕ್ತಿ ವಿಜ್ಞಾನಿಗಳು ಬ್ರಿಟನ್ನಿನವರ ಜೊತೆ ಸೇರಿ ಹೊಲ, ಬಂಡೆಗಳ ನಡುವೆ 20 ಭೂಕಂಪ ಸಂವೇದಕಗಳನ್ನು ಹೂತರು. ಎಲ್ ಅಕ್ಷರದ ಆಕಾರ, ಒಂದೊಂದು ತೋಳೂ ಸುಮಾರು 25 ಕಿಲೋಮೀಟರ್. ಜಗತ್ತಿನ ಯಾವ ಮೂಲೆಯಲ್ಲಿ ಯಾರು ನೆಲದೊಳಗೆ ಅಣುಬಾಂಬು ಸಿಡಿಸಿದರೂ ಇಲ್ಲಿ ಕೂತು ಕೇಳಬಹುದು ಎಂಬುದು ಅದರ ಉದ್ದೇಶ. ಸಮುದ್ರ ದೂರ, ಬಂಡೆ ಗಟ್ಟಿ, ನೆಲ ಮೌನಿ. ಇದಕ್ಕಿಂತ ಯೋಗ್ಯತಾಪತ್ರ ಬೇಕೆ? ಆಗ ಗೌರಿಬಿದನೂರು ಕೋಲಾರ ಜಿಲ್ಲೆಯದೇ. 2007ರಲ್ಲಿ ಜಿಲ್ಲೆ ಒಡೆದಾಗ ಚಿಕ್ಕಬಳ್ಳಾಪುರಕ್ಕೆ ಹೋಯಿತು. ಹೋಗುವಾಗ ನಮ್ಮ ಪಾಲಿನ ನಿಶ್ಶಬ್ದವನ್ನೂ ತೆಗೆದುಕೊಂಡೇ ಹೋಯಿತೆಂದು ನನ್ನ ಅನುಮಾನ.

ಭಾಷಣದ ದಿನ ಹತ್ತಿರ ಬಂತು. ಮುಖ್ಯೋಪಾಧ್ಯಾಯರು ಆಹ್ವಾನಪತ್ರಿಕೆಯಲ್ಲಿ ‘ಧ್ರುವಪ್ರದೇಶದ ಭೀಕರ ಚಳಿಯಲ್ಲಿ ಭೂಕಂಪಮಾಪನ: ಅನುಭವ ಕಥನ’ ಎಂದು ಅಚ್ಚು ಹಾಕಿಸಿದ್ದರು. ಅನುಭವ ಎಂಬ ಪದ ನೋಡಿ ನನಗೆ ನಿಜವಾಗಿಯೂ ಚಳಿಯಾಯಿತು. ಕಡೇ ಪಕ್ಷ ಯಂತ್ರಕ್ಕಾದರೂ ಸ್ವಲ್ಪ ಚಳಿಯ ಅನುಭವ ಕೊಡಿಸೋಣ ಎಂದು ಶ್ರೀನಿವಾಸಪುರದ ನನ್ನ ದೊಡ್ಡಪ್ಪನ ಮಗನ ಮೊರೆಹೊಕ್ಕೆ. ಮಾವಿನ ತೋಟದ ಯಜಮಾನ, ಹುಣಸೆಹಣ್ಣಿನ ವ್ಯಾಪಾರವೂ ಉಂಟು. ಬೀಜ ಬಿಡಿಸಿದ ಹುಣಸೆ ಬೇಸಿಗೆಯ ಕಾವಿಗೆ ಕಪ್ಪಗಾಗುತ್ತದೆ, ಬಣ್ಣ ಹೋದರೆ ರೇಟು ಹೋಗುತ್ತದೆ. ಹಾಗಾಗಿ ವ್ಯಾಪಾರಿಗಳು ಕೋಲ್ಡ್ ಸ್ಟೋರೇಜಿನಲ್ಲಿ ಚೇಂಬರ್ ಹಿಡಿದು ಪೇರಿಸಿಡುತ್ತಾರೆ. ನಾಲ್ಕೈದು ಡಿಗ್ರಿ ತಣ್ಣಗಿನ ಕತ್ತಲು. ಮೈನಸ್ 60ಕ್ಕೆ ಇನ್ನೂ ದೂರವಿತ್ತು, ಆದರೆ ದಿಕ್ಕು ಸರಿಯಿತ್ತು.

“ಒಂದು ರಾತ್ರಿ ಇಡಬೇಕು, ಅಷ್ಟೆ” ಅಂದೆ. “ಇಡಣ್ಣ, ಯಾರ್ ಬೇಡ ಅಂದ್ರು” ಅಂದ.

ಸ್ವೆಟರ್, ಮಫ್ಲರ್, ಮಂಗನ ಟೋಪಿ ಧರಿಸಿ, ಏಪ್ರಿಲ್ ತಿಂಗಳಿನಂಥ ಮಧ್ಯಾಹ್ನದಲ್ಲಿ ಬೆವರುತ್ತ ಒಳಹೊಕ್ಕೆ. ಚೇಂಬರಿನ ಮೂಲೆಯಲ್ಲಿ ಯಂತ್ರವಿಟ್ಟು, ಬ್ಯಾಟರಿ ಸೇರಿಸಿ, ಪರದೆ ನೋಡಿದೆ. ಗೀರಿನ ಬದಲು ದಪ್ಪ ಕಪ್ಪುಪಟ್ಟಿ. ಅಮೋನಿಯಾ ಕಂಪ್ರೆಸರ್ ಪಕ್ಕದ ಕೋಣೆಯಲ್ಲೇ ಗುಡುಗುತ್ತಿತ್ತು. ಚಳಿ ಹುಟ್ಟಿಸುವ ಯಂತ್ರವೇ ನೆಲ ನಡುಗಿಸುತ್ತದೆ ಎಂಬುದು ನನ್ನ ಓದಿನಲ್ಲಿ ಬಂದಿರಲಿಲ್ಲ, ಯಾಕೆಂದರೆ ಅಂಟಾರ್ಕ್ಟಿಕಾದಲ್ಲಿ ಚಳಿಗೆ ಕರೆಂಟು ಬೇಕಾಗುವುದಿಲ್ಲ. ಆದರೂ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ನೋಡೋಣವೆಂದು ಬಿಟ್ಟುಬಂದೆ. ಹೊರಗೆ ಕಾಲಿಟ್ಟದ್ದೇ ತಡ ಕನ್ನಡಕ ಮಂಜಾಗಿ, ಮೊದಲ ಸೀನು ಬಂತು. ಅದು ನಿಲ್ಲಲು ಬಹಳ ದಿನ ಹಿಡಿಯಿತು.

ಬೆಳಿಗ್ಗೆ ಹೋದರೆ ಮೂಲೆಯಲ್ಲಿ ಯಂತ್ರವಿಲ್ಲ. ಮೂಲೆಯೇ ಇಲ್ಲ. ರಾತ್ರಿ ಎರಡು ಲಾರಿ ಹುಣಸೆ ಬಂದಿತ್ತು. ಹಮಾಲಿಗಳು ಗೋಡೆಯಿಂದ ಗೋಡೆಗೆ ಚೀಲ ಪೇರಿಸಿದ್ದರು. ನನ್ನ ಪೆಟ್ಟಿಗೆ ಎಲ್ಲೋ ಅಡಿಯಲ್ಲಿ. ಸ್ಟೋರಿನ ಗುಮಾಸ್ತರು ಒಳ್ಳೆಯ ಮನುಷ್ಯರು, ನಿಯಮದ ಮನುಷ್ಯರು.

“ಒಳಗಿರೋದಕ್ಕೆಲ್ಲ ಲಾಟ್ ನಂಬರ್ ಇರಬೇಕು ಸಾರ್. ನಿಮ್ಮದು ಆ ಪಾರ್ಟಿ ಲಾಟ್‌ಗೆ ಸೇರಿಬಿಟ್ಟಿದೆ. ರಸೀದಿ ಅವರ ಹೆಸರಲ್ಲಿದೆ. ಅವರು ಬಂದು ಸೈನ್ ಮಾಡಿದರೆ ಮಾಲು ಬಿಡ್ತೀನಿ.”

“ಅದು ಮಾಲಲ್ಲ ಸ್ವಾಮಿ, ಭೂಕಂಪಮಾಪಕ.”

“ಒಳಗೆ ಬಂದ ಮೇಲೆ ಮಾಲೇ ಸಾರ್.”

“ಪಾರ್ಟಿ ಯಾವಾಗ ಬರ್ತಾರೆ?”

“ರೇಟ್ ಬಂದಾಗ.”

ಹಿಮದಡಿ ಹೂತುಹೋದ ಯಂತ್ರಕ್ಕಾಗಿ ಬೇಸಿಗೆಯವರೆಗೆ ಕಾಯುವ ಧ್ರುವವಿಜ್ಞಾನಿಗಳನ್ನು ನೆನೆದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವರಿಗಾದರೂ ಋತು ಬದಲಾಗುತ್ತದೆಂಬ ಭರವಸೆಯಿದೆ. ಹುಣಸೆಯ ರೇಟಿನ ಭರವಸೆ ಯಾರಿಗಿದೆ? ದೊಡ್ಡಪ್ಪನ ಮಗ ಮಂಡಿಯವರಿಗೆಲ್ಲ ಫೋನ್ ಮಾಡಿ ಕೊನೆಗೊಂದು ದಾರಿ ಮಾಡಿದ. ಹಮಾಲಿ ಕೂಲಿ ನನ್ನದು, ಚೇಂಬರ್ ಬಾಡಿಗೆಯಲ್ಲಿ ಒಂದು ಪಾಲು ನನ್ನದು. ಪೆಟ್ಟಿಗೆ ಹೊರಬಂದಾಗ ಮೂಲೆಯೊಂದು ನಜ್ಜುಗುಜ್ಜಾಗಿ, ಮೈಯೆಲ್ಲ ಹುಳಿ ವಾಸನೆ. ದಾಖಲೆ ತೆಗೆದು ನೋಡಿದೆ. ಕಂಪ್ರೆಸರಿನ ಕಪ್ಪುಪಟ್ಟಿಯ ಮೇಲೆ ಸಾಲಾಗಿ ಉದ್ದುದ್ದ ಗೀರುಗಳು: ಒಂದೊಂದು ಚೀಲ ಬಿದ್ದದ್ದಕ್ಕೆ ಒಂದೊಂದು. ಆಮೇಲೆ ಇದ್ದಕ್ಕಿದ್ದಂತೆ ಖಾಲಿ. ಬ್ಯಾಟರಿ ಚಳಿಗೆ ಸತ್ತಿತೋ ಭಾರಕ್ಕೆ ಸತ್ತಿತೋ, ಮರಣೋತ್ತರ ಪರೀಕ್ಷೆ ಮಾಡಿಸಲಿಲ್ಲ. ಎಣಿಸಿದ್ದರೆ ಲಾರಿಯ ಲೆಕ್ಕಕ್ಕೂ ಸ್ಟೋರಿನ ಲೆಕ್ಕಕ್ಕೂ ತಾಳೆ ನೋಡಬಹುದಿತ್ತು ಎಂದು ದೊಡ್ಡಪ್ಪನ ಮಗ ಹೇಳಿದ. ಈ ಯಂತ್ರದ ಉಪಯೋಗ ಅರಿತ ಮೊದಲ ಮನುಷ್ಯ ಅವನೇ.

ನಜ್ಜಾದ ಮೂಲೆ ಸರಿಮಾಡಿಸಲು ಕೆ.ಜಿ.ಎಫ್.ಗೆ ಹೋದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಎಂಥ ಯಂತ್ರವನ್ನೂ ಬಿಚ್ಚಿ ಕಟ್ಟುವವರಿದ್ದಾರೆ. ಅಲ್ಲಿ ನನ್ನ ಬ್ಯಾಂಕಿನ ಹಳೆಯ ಖಾತೆದಾರರೊಬ್ಬರು ಸಿಕ್ಕರು. ಚಾಂಪಿಯನ್ ರೀಫ್ ಗಣಿಯಲ್ಲಿ ಕೆಳಗಿಳಿದು ದುಡಿದವರು. ಪೆಟ್ಟಿಗೆ ಏನೆಂದು ಕೇಳಿದರು. ಹೇಳಿದೆ. ಅವರು ನಕ್ಕ ರೀತಿಯಲ್ಲೇ ನನಗೆ ಗೊತ್ತಾಯಿತು, ಇಡೀ ಜಿಲ್ಲೆ ಸುತ್ತಿ ನಾನು ಬರಬೇಕಾದ ಜಾಗಕ್ಕೆ ಎಲ್ಲಕ್ಕಿಂತ ಕೊನೆಗೆ ಬಂದಿದ್ದೇನೆ ಎಂದು.

ಭೂಕಂಪಮಾಪಕ ಎಂಬುದು ಕೆ.ಜಿ.ಎಫ್.ಗೆ ಹೊಸ ಸಾಮಾನಲ್ಲ. ನೂರು ವರ್ಷಕ್ಕೂ ಹಿಂದೆಯೇ ಗಣಿ ಕಂಪನಿಯವರು ಅಲ್ಲಿ ಒಂದನ್ನು ತಂದಿಟ್ಟಿದ್ದರು. 1970ರ ದಶಕದ ಕೊನೆಯಲ್ಲಿ ಭಾಭಾ ಅಣುಸಂಶೋಧನಾ ಕೇಂದ್ರದವರ ನೆರವಿನಿಂದ ಜಿಯೋಫೋನುಗಳ ಜಾಲವೇ ಹರಡಿತು. 1988ರಲ್ಲಿ ಹುಟ್ಟಿದ ರಾಷ್ಟ್ರೀಯ ಶಿಲಾ ಬಲವಿಜ್ಞಾನ ಸಂಸ್ಥೆ ಬೇರುಬಿಟ್ಟದ್ದೂ ಆ ನೆಲದಲ್ಲೇ. ಕಾರಣ ಬಂಡೆ ಸಿಡಿತ. ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿ ಅದಿರು ತೆಗೆದ ಮೇಲೆ ಉಳಿದ ಬಂಡೆಯ ಮೇಲೆ ಸುತ್ತಲಿನ ಭಾರವೆಲ್ಲ ಬೀಳುತ್ತದೆ. ತಡೆಯುವಷ್ಟು ತಡೆದು ಒಂದು ಕ್ಷಣ ಪಟಾರನೆ ಸಿಡಿಯುತ್ತದೆ. ಒಳಗಿದ್ದವರು ಉಳಿಯುವುದು ಅವರವರ ಅದೃಷ್ಟ. ಮೇಲಿನ ಊರೆಲ್ಲ ನಡುಗುತ್ತಿತ್ತು. ಅತಿ ಆಳದಲ್ಲಿ ಬಂಡೆಯ ಕಾವೇ 60 ಡಿಗ್ರಿ ದಾಟುತ್ತಿತ್ತು. ಧ್ರುವದವರಿಗೆ ಮೈನಸ್ 60, ನಮ್ಮವರಿಗೆ ಪ್ಲಸ್ 60; ನಾನು ಸ್ವೆಟರ್ ಹಾಕಿಕೊಂಡು ತಪ್ಪು ದಿಕ್ಕಿಗೆ ಹೋಗಿದ್ದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿತು. ಆಮೇಲೂ ಆಗಾಗ ನೆಲ ಗುಡುಗಿದ್ದುಂಟು.

“ಸಾರ್, ಈ ಮಿಷನ್ ಹೇಳೋದು ಆಗೋಕೆ ಮುಂಚೇನಾ, ಆದ್ಮೇಲಾ?” ಎಂದರು ಅವರು.

“ಆದ ಮೇಲೆ” ಅಂದೆ. ಭೂಕಂಪವನ್ನು ಮುಂಚೆಯೇ ಹೇಳುವ ಯಂತ್ರ ಜಗತ್ತಿನಲ್ಲಿ ಇನ್ನೂ ಯಾರ ಬಳಿಯೂ ಇಲ್ಲ.

“ಆದ್ಮೇಲೆ ಅಂದ್ರೆ ನಮ್ಮ ಮನೆ ಶೆಲ್ಫಿನ ಪಾತ್ರೆನೂ ಹೇಳ್ತಿತ್ತು ಸಾರ್. ಪಾತ್ರೆ ಸದ್ದಾಯ್ತು ಅಂದ್ರೆ ಹೆಂಗಸರೆಲ್ಲ ಶಾಫ್ಟ್ ಹತ್ರ ಓಡೋರು, ಕೆಳಗೆ ಯಾರ ಶಿಫ್ಟು ಅಂತ ಕೇಳೋಕೆ.” ಇದನ್ನು ಅವರು ಟೀ ಆರಿಸಿಕೊಳ್ಳುತ್ತಲೇ ಹೇಳಿದರು. ನಾನು ಲೇಖನದಲ್ಲಿ ಗಡ್ಡದ ಮೇಲಿನ ಮಂಜಿನ ಬಗ್ಗೆ ಎರಡು ಪ್ಯಾರಾ ಬರೆದಿದ್ದೆ. ನಲವತ್ತು ಕಿಲೋಮೀಟರಿನೊಳಗಿನ ಈ ಪಾತ್ರೆಗಳ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಭಾಷಣದ ವಿಷಯ ಬೇಗ ಮುಗಿಸುತ್ತೇನೆ. ಅಂಟಾರ್ಕ್ಟಿಕಾದಿಂದ ಈಗಷ್ಟೇ ಮರಳಿದವರು ಎಂದು ಮುಖ್ಯೋಪಾಧ್ಯಾಯರು ಪರಿಚಯ ಮಾಡಿಕೊಟ್ಟರು. ತಿದ್ದಲು ಎದ್ದೆ, ಸೀನು ಬಂತು. ಒಂದರ ಹಿಂದೆ ಒಂದು ಬಂತು. ಹುಡುಗರು ಮರುಕದಿಂದ ನೋಡಿದರು, ಒಬ್ಬ ಮೇಷ್ಟರು ಬಿಸಿನೀರು ತರಿಸಿದರು. ಅಷ್ಟು ಗಟ್ಟಿಯಾದ ಸಾಕ್ಷ್ಯದ ಮುಂದೆ ನಾನು ಸತ್ಯ ಹೇಳಿದರೂ ಯಾರು ನಂಬುತ್ತಿದ್ದರು? ಯಂತ್ರವನ್ನು ಮೇಜಿನ ಕೆಳಗಿಟ್ಟು ಪರದೆ ತೋರಿಸಿದ್ದೇ, ಒಂಬತ್ತನೇ ತರಗತಿಯವರೆಲ್ಲ ಒಟ್ಟಿಗೆ ಕುಣಿದರು. ನನ್ನ ಯಂತ್ರ ಇದುವರೆಗೆ ದಾಖಲಿಸಿದ್ದರಲ್ಲಿ ಅದೇ ಅತಿ ದೊಡ್ಡ ಕಂಪನ.

ಒಬ್ಬ ಹುಡುಗಿ ಮಾತ್ರ ಕುಣಿಯದೆ ಪ್ರಶ್ನೆ ಕೇಳಿದಳು. “ಸಾರ್, ಅಲ್ಲಿ ಜನಾನೇ ಇಲ್ಲ ಅಂದ್ರೆ ಭೂಕಂಪ ಆದ್ರೆ ಯಾರಿಗೆ ತೊಂದ್ರೆ? ಯಾಕೆ ಅಳೀಬೇಕು?” ಇದಕ್ಕೆ ಮಾತ್ರ ನಾನು ಸರಿಯಾಗಿ ಉತ್ತರ ಕೊಟ್ಟೆ. ಭೂಗೋಳದ ದಕ್ಷಿಣಾರ್ಧದಲ್ಲಿ ನೆಲಕ್ಕಿಂತ ನೀರೇ ಹೆಚ್ಚು, ಯಂತ್ರವಿಡಲು ಜಾಗ ಕಡಿಮೆ. ಅಲ್ಲೊಂದು ಕಿವಿ ಇಲ್ಲದಿದ್ದರೆ ಪ್ರಪಂಚದ ಅರ್ಧ ಸುದ್ದಿ ಅರೆಬರೆ ಕೇಳಿಸುತ್ತದೆ. 1998ರ ಮಾರ್ಚಿನಲ್ಲಿ ಅಂಟಾರ್ಕ್ಟಿಕಾದ ಬಳಿ, ಬ್ಯಾಲೆನಿ ದ್ವೀಪಗಳ ಹತ್ತಿರ, ಸಮುದ್ರದಡಿ 8ಕ್ಕೂ ಮಿಕ್ಕಿದ ತೀವ್ರತೆಯಲ್ಲಿ ಭೂಮಿ ನಡುಗಿತು. ಅದೂ ಯಾರೂ ನಿರೀಕ್ಷಿಸದ ಜಾಗದಲ್ಲಿ. ಜಪಾನಿನಲ್ಲೋ ಚಿಲಿಯಲ್ಲೋ ಹುಟ್ಟಿದ ಅಲೆಗಳು ಭೂಮಿಯ ಒಡಲು ಹಾದು ಅಲ್ಲಿಗೆ ತಲುಪುವ ಹೊತ್ತು, ರೀತಿ ನೋಡಿಯೇ ಒಳಗೇನಿದೆ ಎಂದು ತಿಳಿಯುವುದು. ಹಿಮ ಜಾರುವ, ಬಿರಿಯುವ ಸದ್ದೂ ಅದೇ ಯಂತ್ರದಲ್ಲಿ ಬರುತ್ತದೆ. ಆ ಹಿಮ ಎಷ್ಟು ವೇಗವಾಗಿ ಸಮುದ್ರ ಸೇರುತ್ತದೆ ಎಂಬುದು ಮಂಗಳೂರಿನವರಿಗೂ ಸಂಬಂಧಪಟ್ಟ ಲೆಕ್ಕ. ಹುಡುಗಿ ಬರೆದುಕೊಂಡಳು. ಆಮೇಲೆ, “ಯಂತ್ರ ಯಾಕೆ ಸಾರ್ ಹುಳಿ ವಾಸನೆ ಬರ್ತಿದೆ?” ಅಂದಳು. ಸೀನು ನನ್ನನ್ನು ಕಾಪಾಡಿತು.

ಯಂತ್ರ ಈಗ ಮನೆಯಲ್ಲೇ ಇದೆ, ಕೆಲಸಕ್ಕೆ ಸಿದ್ಧವಾಗಿದೆ. ಓದುಗರಲ್ಲಿ ನನ್ನದೊಂದು ವಿನಂತಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಯಾರದಾದರೂ ಜಮೀನಿನಲ್ಲಿ ಗಟ್ಟಿ ತಳಬಂಡೆ ಇದ್ದರೆ ತಿಳಿಸಿ. ಒಂದೂವರೆ ಅಡಿ ಚದರ ಸಾಕು. ಹತ್ತಿರದಲ್ಲಿ ರೈಲುಹಳಿ, ಹೆದ್ದಾರಿ, ಕಲ್ಲಿನ ಕ್ರಷರ್, ಕೊಳವೆಬಾವಿಯ ಮೋಟರು, ಹಳೆಯ ದೇವಸ್ಥಾನ ಇರಬಾರದು. ಗುಂಡಿಯನ್ನು ಹಗಲು ಹೊತ್ತಿನಲ್ಲೇ, ಪಂಚಾಯಿತಿ ಸದಸ್ಯರ ಎದುರಿಗೆ ತೋಡಿಸಲಾಗುವುದು. ನಿಂಬೆಹಣ್ಣು ತರುವುದಿಲ್ಲ.